ವಾರಕ್ಕೆ ಮೂರು ದಿನ ಎನ್ನಬೇಕಿತ್ತು

ಶೋಭಾ, ನಿನ್ನ ಬಾಣಂತನದಲ್ಲಿ ನಿನ್ನ ಅವ್ವ ಯಾವ ತಪ್ಪನ್ನೂ ಮಾಡಲಿಲ್ಲ. ತಪ್ಪು ಮಾಡಿದವಳು ನಾನು. ಹೆರಿಗೆಯಾಗಿ ಮೂರು ತಿಂಗಳೂ ತುಂಬಿರದ ನಿನ್ನನ್ನು ಜಿಮ್ಮಿನ ಚಾಪೆಯ ಮೇಲೆ ಅಂಗಾತ ಮಲಗಿಸಿ, ವಾರದ ಆರೂ ದಿನ ಹೊಟ್ಟೆಯ ವ್ಯಾಯಾಮ ಮಾಡಿಸಿದೆ. ಹೊಸಬರಿಗೆ ಹಾಗೆ ಮಾಡಿಸಬಾರದೆಂದು ಗೊತ್ತಿದ್ದೂ ಮಾಡಿಸಿದೆ. ಆಮೇಲೆ ನಿನಗೆ ಆಪರೇಷನ್ ಆಯಿತು. ನಿನ್ನ ಅತ್ತೆಯ ಮನೆಯ ಪಡಸಾಲೆಯಲ್ಲಿ ಎಲ್ಲರೆದುರು ನೀನು ಇದು ಯಾಕಾಯಿತೆಂದು ನನ್ನನ್ನು ಕೇಳಿದೆ — ನಾನು ಆ ತಪ್ಪನ್ನು ಎತ್ತಿ ನಿನ್ನ ಅವ್ವನ ತಲೆಗೆ ಕಟ್ಟಿದೆ.

ಇಷ್ಟು ಬರೆಯಲು ನನಗೆ ಎಂಟು ವರ್ಷ ಹಿಡಿಯಿತು. ಬರೆಯುವಾಗ ಕಣ್ಣೀರು ಬರುತ್ತದೆ ಅಂದುಕೊಂಡಿದ್ದೆ, ಬರುತ್ತಿರುವುದು ಸಿಟ್ಟು. ಮೊದಲು ನನ್ನ ಮೇಲೆ. ಆಮೇಲೆ ಆ ಜಿಮ್ಮಿನ ಮಾಲೀಕನ ಮೇಲೆ, ನಿನ್ನ ಗಂಡನ ಮೇಲೆ, ನಿನ್ನ ಅತ್ತೆಯ ಮೇಲೆ, ಸ್ವಲ್ಪ ನಿನ್ನ ಮೇಲೂ. ಆದರೆ ಉಳಿದವರನ್ನು ಬೈಯುತ್ತ ಕೂತರೆ ನಾನು ಅವರ ಹಿಂದೆ ಅಡಗಿಕೊಳ್ಳುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಸೇರಿಸಿ ಎಲ್ಲವನ್ನೂ ಸಾಲಾಗಿ ಬರೆಯುತ್ತೇನೆ. ನನಗೆ ಬೇಕಾದಷ್ಟು ಹೇಳಿ ಉಳಿದದ್ದನ್ನು ನುಂಗುವ ಚಾಳಿ ನನ್ನದು.

ನಾವಿಬ್ಬರೂ ಯೆರವಡಾದ ಒಂದೇ ಗಲ್ಲಿಯಲ್ಲಿ ಬೆಳೆದವರು. ನಮ್ಮ ಅವ್ವಂದಿರು ಗುಲ್ಬರ್ಗಾ ಕಡೆಯಿಂದ ಬಂದು ಒಂದೇ ಕಟ್ಟಡದಲ್ಲಿ ಸಿಮೆಂಟಿನ ಬುಟ್ಟಿ ಹೊತ್ತವರು. ನಿನ್ನ ಅವ್ವ ನೀಲವ್ವನನ್ನು ನಾನು ದೊಡ್ಡವ್ವ ಎಂದೇ ಕರೆದೆ. ಸೊಂಟ ಹಿಡಿದ ಮೇಲೆ ಅವಳು ಬುಟ್ಟಿ ಬಿಟ್ಟು ಬಾಣಂತಿಯರಿಗೂ ಕೂಸುಗಳಿಗೂ ಎರೆಯುವ ಕೆಲಸ ಹಿಡಿದಳು. ಎಣ್ಣೆ ತಿಕ್ಕುವುದು, ಸುಡುನೀರು ಎರೆಯುವುದು, ಲೋಬಾನದ ಹೊಗೆ ಹಾಕುವುದು, ಹಳೆಯ ಧೋತರದಿಂದ ಬಾಣಂತಿಯ ಹೊಟ್ಟೆ ಬಿಗಿಯುವುದು — ಎಲ್ಲದರಲ್ಲೂ ಅವಳ ಕೈ ಪಳಗಿತ್ತು. ಕನ್ನಡದವರ ಮನೆಗಳಷ್ಟೇ ಅಲ್ಲ, ಮರಾಠಿಯವರ ಮನೆಗಳಿಂದಲೂ ದಿನ ಹತ್ತಿರ ಬಂದರೆ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಆ ಊರಿನಲ್ಲಿ ಅವಳು ಸಂಪಾದಿಸಿದ ಹೆಸರು ಅದೊಂದೇ, ಮತ್ತು ಅದನ್ನು ಕಳೆದವಳು ನಾನು.

ನಾನೋ, ಶಾಲೆಯಲ್ಲಿ ಕಬಡ್ಡಿ ಆಡಿದ್ದನ್ನೇ ದೊಡ್ಡ ವಿದ್ಯೆ ಮಾಡಿಕೊಂಡು ನಮ್ಮ ಗಲ್ಲಿಯ ಹೊರಗಿನ ಜಿಮ್ಮಿನಲ್ಲಿ ಹೆಂಗಸರ ಮಧ್ಯಾಹ್ನದ ಬ್ಯಾಚಿಗೆ ಕೆಲಸಕ್ಕೆ ಸೇರಿದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಟ್ರ್ಯಾಕ್ ಪ್ಯಾಂಟು, ಕುತ್ತಿಗೆಯಲ್ಲಿ ಸೀಟಿ. ಗಲ್ಲಿಯ ಹೆಂಗಸರು ನನ್ನನ್ನು ‘ಮೇಡಂ’ ಎಂದಾಗ ಆದ ಖುಷಿ — ಆ ಖುಷಿಯೇ ಮುಂದೆ ನನ್ನ ನಾಲಿಗೆಯನ್ನು ಹಿಡಿದುಕೊಂಡಿತು.

ಆ ಜಿಮ್ಮಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗುಲಾಬಿ ಕಾರ್ಡು ಇರುತ್ತಿತ್ತು. ಯಾವ ದಿನ ಯಾವ ವ್ಯಾಯಾಮ ಎಂದು ಅದರಲ್ಲಿ ಗೆರೆ ಎಳೆದ ಮನೆಗಳು. ಕೈ, ಕಾಲು, ಬೆನ್ನು, ಇವಕ್ಕೆಲ್ಲ ಒಂದು ದಿನ ಬಿಟ್ಟು ಒಂದು ದಿನ ಗುರುತು ಹಾಕುತ್ತಿದ್ದೆವು. ಹೊಟ್ಟೆಗೆ ಮಾತ್ರ ಎಲ್ಲ ಮನೆಗಳಲ್ಲೂ ಗುರುತು ಬೀಳಬೇಕು. ಮಾಲೀಕನ ಆಜ್ಞೆ ಅದು. ‘ಬಾಯಕಾ ಪೋಟಾಸಾಠೀಚ ಯೇತಾತ’ ಅನ್ನುತ್ತಿದ್ದ — ಹೆಂಗಸರು ಬರುವುದೇ ಹೊಟ್ಟೆಗಾಗಿ. ಒಂದು ದಿನ ಹೊಟ್ಟೆ ಉರಿಯದೆ ಮನೆಗೆ ಹೋದರೆ ಮೋಸ ಹೋದೆವು ಅಂದುಕೊಂಡು ಮರುದಿನ ಬರುವುದಿಲ್ಲವಂತೆ.

ಇದು ತಪ್ಪೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ದಾರಿ ನನಗಿಲ್ಲ. ಕೆಲಸಕ್ಕೆ ಸೇರಿದ ಮರುವರ್ಷ ನನ್ನನ್ನು ನಾಲ್ಕು ದಿನದ ಒಂದು ಶಿಬಿರಕ್ಕೆ ಕಳಿಸಿದ್ದರು. ಅಲ್ಲಿ ಪಾಠ ಮಾಡಿದವರು ಬೆಳ್ಳಿಕೂದಲಿನ ಒಬ್ಬ ಮರಾಠಿ ಹೆಂಗಸು. ಹೊಟ್ಟೆಯೂ ಉಳಿದ ಸ್ನಾಯುಗಳ ಹಾಗೆಯೇ, ಅದಕ್ಕೇನು ಕೋಡಿಲ್ಲ, ಅಂದರು. ಹೊಸಬರಿಗೆ ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು. ನಡುವೆ ಒಂದು ದಿನ ಬಿಡುವು. ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಮಲಗಿದಲ್ಲಿಂದ ಎದ್ದು ಬಗ್ಗುವುದೊಂದೇ ಹೊಟ್ಟೆಯ ವ್ಯಾಯಾಮವಲ್ಲ, ಉಸಿರು ಬಿಗಿಹಿಡಿಯದೆ ಮೈಯನ್ನು ನೆಟ್ಟಗೆ ನಿಲ್ಲಿಸುವುದು ಮೊದಲು ಬರಬೇಕು, ಬೆನ್ನು ಮತ್ತು ಸೊಂಟವೂ ಜೊತೆಗೆ ಗಟ್ಟಿಯಾಗಬೇಕು. ಹೊಟ್ಟೆಯ ವ್ಯಾಯಾಮ ಎಷ್ಟು ಮಾಡಿದರೂ ಹೊಟ್ಟೆಯ ಬೊಜ್ಜು ಒಂದೇ ಬೇರೆಯಾಗಿ ಕರಗುವುದಿಲ್ಲ. ಕೊನೆಗೆ ಅವರು ಹೇಳಿದ ಮಾತು — ಹೊಸದಾಗಿ ಹೆತ್ತವಳು ಬಂದರೆ ಮೊದಲು ಡಾಕ್ಟರನ್ನು ಕೇಳಿ ಬರಲು ಹೇಳಿ. ಅವಳನ್ನು ಮಲಗಿಸಿ ಹೊಕ್ಕಳಿನ ಮೇಲೆ ಕೆಳಗೆ ಬೆರಳಿಟ್ಟು ನೋಡಿ. ಎರಡು ಬದಿಯ ಸ್ನಾಯುಗಳ ನಡುವೆ ಬಿರುಕಿದ್ದರೆ ಎದ್ದು ಬಗ್ಗುವುದನ್ನು ಮಾಡಿಸಲೇಬೇಡಿ.

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೆ. ಅಡಿಗೆರೆ ಕೂಡ ಎಳೆದಿದ್ದೆ. ವಾಪಸು ಬಂದು ಮಾಲೀಕನಿಗೆ ಹೇಳಿದೆ, ಅವನು ನಕ್ಕ. ನಾನೂ ನಕ್ಕೆ. ಮರುದಿನದಿಂದ ಕಾರ್ಡಿನ ಎಲ್ಲ ಮನೆಗಳಲ್ಲೂ ಮೊದಲಿನ ಹಾಗೆಯೇ ಗುರುತು ಹಾಕಿದೆ. ಅವನು ನನ್ನ ಕೈ ತಿರುಚಿ ಹಾಕಿಸಲಿಲ್ಲ. ಹೆಚ್ಚೆಂದರೆ ಕೆಲಸ ಬಿಡಿಸುತ್ತಿದ್ದ, ಅಷ್ಟೇ.

ನೀನು ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ನಿನ್ನನ್ನು ಕೊಟ್ಟಿದ್ದು ಬಿಜಾಪುರ ಕಡೆಯಿಂದ ಬಂದು ಇದೇ ಊರಿನಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಮನೆಗೆ. ಅವರು ನಮಗಿಂತ ಎಷ್ಟೋ ಮೆಟ್ಟಿಲು ಮೇಲೆ, ಅದನ್ನು ಅವರು ನಮಗೆ ಎಂದೂ ಮರೆಯಲು ಬಿಡಲಿಲ್ಲ. ಗಂಡುಕೂಸು ಹುಟ್ಟಿತು, ಎಲ್ಲರೂ ಪೇಡೆ ತಿಂದರು. ಎರಡು ತಿಂಗಳು ಕಳೆದು ನಿನ್ನನ್ನು ನೋಡಲು ಬಂದ ನಿನ್ನ ಗಂಡ, ಇನ್ನು ಎರಡು ತಿಂಗಳಿಗೆ ತಮ್ಮನ ಮದುವೆ ಎಂದು ಹೇಳಿ, ಆಮೇಲೆ ನಿನ್ನ ಹೊಟ್ಟೆಯನ್ನು ನೋಡಿ ‘ಇದು ಹಿಂಗ ಇರತದೇನು?’ ಅಂದನಂತೆ. ಆ ಮಾತನ್ನು ನೀನು ನನಗೆ ಹೇಳಿದಾಗ ನಗುತ್ತಲೇ ಹೇಳಿದೆ. ಒಂದು ಜೀವವನ್ನು ಒಂಬತ್ತು ತಿಂಗಳು ಹೊತ್ತ ಹೊಟ್ಟೆ ಫೋಟೋದಲ್ಲಿ ಚಂದ ಕಾಣಬೇಕಂತೆ. ಈಗ ನೆನೆಸಿದರೂ ಮೈ ಉರಿಯುತ್ತದೆ. ಆದರೆ ಅವತ್ತು ನಾನು ಏನು ಮಾಡಿದೆ? ‘ಬಾ, ನಾ ನೋಡ್ಕೋತೀನಿ’ ಅಂದೆ.

ನಿನ್ನ ಅವ್ವನಿಗೆ ಹೇಳಿದರೆ ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಪ್ರತಿ ದಿನ ಬೆಳಿಗ್ಗೆ ಎರೆದ ಮೇಲೆ ಅವಳು ನಿನ್ನ ಹೊಕ್ಕಳಿನ ಸುತ್ತ ಬೆರಳೂರಿ ನೋಡಿ, ‘ಇನ್ನೂ ಕೂಡಿಲ್ಲವ್ವ’ ಎಂದು ಹೇಳಿ ಧೋತರ ಬಿಗಿಯುತ್ತಿದ್ದಳು. ಬೆಳ್ಳಿಕೂದಲಿನ ಆ ಹೆಂಗಸು ಹೇಳಿಕೊಟ್ಟ ಪರೀಕ್ಷೆಯೇ ಅದು. ಅದನ್ನು ನೀಲವ್ವ ಶಿಬಿರವಿಲ್ಲದೆ, ಪ್ರಮಾಣಪತ್ರವಿಲ್ಲದೆ ದಿನವೂ ಮಾಡುತ್ತಿದ್ದಳು. ನಾನು ಅದನ್ನು ನಿನ್ನಿಂದ ಕೇಳಿ ನಕ್ಕೆ. ಆ ಚಿಂದಿ ಕಟ್ಟಿಕೊಂಡರೆ ಸ್ನಾಯು ಸೋಮಾರಿ ಆಗತದ ಅಂದೆ. ನಿನ್ನ ಹೊಕ್ಕಳಿನ ಮೇಲೆ ನಾನು ಒಂದು ದಿನವೂ ಬೆರಳಿಟ್ಟು ನೋಡಲಿಲ್ಲ — ನೋಡಿದರೆ ಬಿರುಕು ಸಿಗುತ್ತದೆಂಬ ಹೆದರಿಕೆಗೋ ಏನೋ.

ಮಧ್ಯಾಹ್ನ ಅವಳು ಬೇರೆ ಮನೆಗಳಿಗೆ ಹೋದಾಗ, ಕೂಸನ್ನು ನನ್ನ ಅವ್ವನ ಹತ್ತಿರ ಬಿಟ್ಟು ನೀನು ಜಿಮ್ಮಿಗೆ ಬರುತ್ತಿದ್ದೆ. ಧೋತರವನ್ನು ನಾನೇ ಬಿಚ್ಚುತ್ತಿದ್ದೆ. ಮೊದಲ ದಿನ ನೀನು ಇಪ್ಪತ್ತು ಸಲ ಎದ್ದು ಬಗ್ಗಿದೆ. ಎರಡನೆಯ ವಾರಕ್ಕೆ ನೂರು ಮಾಡಿಸಿದೆ. ಭಾನುವಾರ ಜಿಮ್ಮಿಗೆ ರಜೆ ಇರದಿದ್ದರೆ ಏಳೂ ದಿನ ಮಾಡಿಸುತ್ತಿದ್ದೆನೇನೋ. ಮುಗಿದ ಮೇಲೆ ಧೋತರವನ್ನು ನಾನೇ ಮತ್ತೆ ಕಟ್ಟುತ್ತಿದ್ದೆ. ಅವಸರದಲ್ಲಿ, ಸಡಿಲಾಗಿ, ನಿನ್ನ ಅವ್ವ ಬರುವುದರೊಳಗೆ ಮೇಲ್ನೋಟಕ್ಕೆ ಸರಿ ಕಂಡರೆ ಸಾಕು ಎಂದು.

ಆ ದಿನಗಳಲ್ಲೇ ಒಮ್ಮೆ ನಿನ್ನ ಅತ್ತೆ ಕೂಸನ್ನು ನೋಡಲು ಸಂಜೆ ಹೇಳದೆ ಕೇಳದೆ ಬಂದರು. ನೀನು ಎದ್ದು ನಿಂತಾಗ ಧೋತರ ಸೊಂಟದಿಂದ ಜಾರಿತಂತೆ. ‘ಹಿಂಗೇನ್ರೀ ಬಾಣಂತಿ ಹೊಟ್ಟಿ ಕಟ್ಟೂದು?’ ಎಂದು ಅವರು ನೀಲವ್ವನನ್ನು ಕೇಳಿದರು. ನೀಲವ್ವ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಮರುದಿನ ನೀನು ಇದನ್ನು ಹೇಳಿದಾಗ ನಾವಿಬ್ಬರೂ ಮುಸಿಮುಸಿ ನಕ್ಕೆವಲ್ಲ, ಶೋಭಾ, ನೆನಪಿದೆಯೇ? ನನಗೆ ಆ ನಗು ಮರೆಯುತ್ತಿಲ್ಲ.

ಮೂರನೆಯ ವಾರ ನೀನು ನಡುವೆಯೇ ನಿಲ್ಲಿಸಿ, ‘ಕಸ್ತೂರಿ, ಏಳೂ ಮುಂದ ನಟ್ಟನಡಬರಕ ಏನೋ ಉಬ್ಬತದ ನೋಡು’ ಅಂದೆ. ನೋಡಿದೆ. ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಂಡು ಎದ್ದಿತ್ತು, ಹೊಕ್ಕಳಿನ ಪಕ್ಕದಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಇದು ಏನೆಂದು ಶಿಬಿರದಲ್ಲಿ ಚಿತ್ರ ಬಿಡಿಸಿ ತೋರಿಸಿದ್ದರು. ಆ ಕ್ಷಣ ನಿಲ್ಲಿಸು ಅಂದಿದ್ದರೆ, ಡಾಕ್ಟರ ಹತ್ತಿರ ಹೋಗು ಅಂದಿದ್ದರೆ — ಆದರೆ ಹಾಗೆಂದರೆ ಇಷ್ಟು ದಿನ ಮಾಡಿಸಿದ್ದು ತಪ್ಪೆಂದು ಒಪ್ಪಬೇಕು. ಪಕ್ಕದ ಚಾಪೆಗಳಲ್ಲಿ ಇನ್ನೂ ಆರು ಜನ ಹೆಂಗಸರಿದ್ದರು. ನಾನು ಮೇಡಂ. ‘ಅದು ಸ್ನಾಯು ಗಟ್ಟಿ ಆಗೂ ಗುರುತು, ನಡೀಲಿ’ ಅಂದೆ. ನೀನು ನಂಬಿ ಮತ್ತೆ ಮಲಗಿದೆ.

ನಿನ್ನ ಮೈದುನನ ಮದುವೆ ಆಯಿತು. ಫೋಟೋಗಳಲ್ಲಿ ನೀನು ಚಂದ ಬಂದಿದ್ದೀಯಂತೆ, ನಾನು ಇವತ್ತಿಗೂ ನೋಡಿಲ್ಲ. ಅದಾದ ಹದಿನೈದು ದಿನಕ್ಕೆ ನಿನಗೆ ಹೊಟ್ಟೆನೋವು ಬಂತು, ವಾಂತಿ ನಿಲ್ಲಲಿಲ್ಲ, ಹೊಕ್ಕಳಿನ ಗಂಟು ಕಲ್ಲಾಗಿ ಒಳಗೆ ಹೋಗದೆ ನಿಂತಿತು. ಕರುಳು ಸಿಕ್ಕಿಕೊಂಡಿದೆ ಎಂದು ಅವತ್ತೇ ಆಪರೇಷನ್ ಮಾಡಿದರು. ಆರು ತಿಂಗಳು ನಿನಗೆ ನಿನ್ನ ಕೂಸನ್ನೇ ಎತ್ತಿಕೊಳ್ಳಲಾಗಲಿಲ್ಲ.

ಸುದ್ದಿ ಕೇಳಿದ ದಿನ ನಾನು ಮಾಡಿದ ಮೊದಲ ಕೆಲಸ ಆಸ್ಪತ್ರೆಗೆ ಓಡಿದ್ದಲ್ಲ. ಜಿಮ್ಮಿನ ಡ್ರಾಯರಿನಿಂದ ನಿನ್ನ ಗುಲಾಬಿ ಕಾರ್ಡು ತೆಗೆದು, ಚೂರು ಮಾಡಿ, ಬಸ್‌ ಸ್ಟಾಪಿನ ಕಸದ ಡಬ್ಬಿಗೆ ಹಾಕಿದ್ದು. ಯಾರೂ ಆ ಕಾರ್ಡನ್ನು ಕೇಳಿರಲಿಲ್ಲ, ಕೇಳುವವರೂ ಇರಲಿಲ್ಲ. ಆದರೂ ಕಳ್ಳಿಗೆ ತನ್ನ ಕೆಲಸ ಗೊತ್ತಿರುತ್ತದೆ.

ನಿನ್ನಿಂದ ವ್ಯಾಯಾಮದ ವಿಷಯ ತಿಳಿದ ಡಾಕ್ಟರು ನಿನಗೆ ಹೇಳಿದ್ದನ್ನೂ ಬರೆಯಬೇಕು. ಬಸುರಿನಲ್ಲೇ ಅಲ್ಲಿ ದುರ್ಬಲವಾಗಿರಬಹುದು, ಕೆಲವರಿಗೆ ಏನೂ ಮಾಡದಿದ್ದರೂ ಹೀಗಾಗುತ್ತದೆ, ಆದರೆ ಇಂಥ ಹೊಟ್ಟೆಯ ಮೇಲೆ ದಿನವೂ ಅಷ್ಟು ಒತ್ತಡ ಹಾಕಿದ್ದು ಸರಿಯಲ್ಲ ಅಂದರಂತೆ. ಆ ‘ಇರಬಹುದು’ ಎಂಬುದನ್ನು ನಾನು ಎಂಟು ವರ್ಷ ಛತ್ರಿಯ ಹಾಗೆ ಹಿಡಿದುಕೊಂಡು ತಿರುಗಿದ್ದೇನೆ. ನನ್ನಿಂದ ಎಷ್ಟಾಯಿತು, ತಾನಾಗಿ ಎಷ್ಟಾಯಿತು, ನನಗೆ ಗೊತ್ತಿಲ್ಲ. ಗಂಟು ಕಂಡ ಮೇಲೂ ನಡೆಸಿದ್ದು ನಾನು, ಅಷ್ಟು ಗೊತ್ತು.

ನಿನ್ನನ್ನು ಆಸ್ಪತ್ರೆಯಿಂದ ಅತ್ತೆಯ ಮನೆಗೆ ಕರೆತಂದ ಮೇಲೆ ನಾನು ಹಣ್ಣು ಹಿಡಿದುಕೊಂಡು ನೋಡಲು ಬಂದೆ. ನೀನು ಮಂಚದ ಮೇಲೆ ಒರಗಿದ್ದೆ. ನಿನ್ನ ಗಂಡ, ಅತ್ತೆ, ಅವರ ಇಬ್ಬರು ಅಕ್ಕಂದಿರು. ನೀಲವ್ವ ಬಾಗಿಲ ಹತ್ತಿರ ನೆಲದ ಮೇಲೆ. ಅತ್ತೆಯ ಕಡೆಯವರ ಮಾತು ಆಗಲೇ ನಡೆದಿತ್ತು. ನೀಲವ್ವ ಮಗಳನ್ನು ಬೇಗ ಎಬ್ಬಿಸಿ ನೀರು ಹೊರಿಸಿರಬೇಕು. ಧೋತರ ಜಾರಿದ್ದನ್ನು ಕಣ್ಣಾರೆ ಕಂಡಿದ್ದೇವೆ. ‘ದುಡಿಯೂ ಮಂದಿಗೆ ಬಾಣಂತನ ಏನ್ ತಿಳೀತದ್ರಿ.’ ಧೋತರದ ಮಾತು ಬಂದಾಗ ನೀನು ನನ್ನ ಕಡೆ ನೋಡಿದೆ. ನಾನು ಕೈಯಲ್ಲಿದ್ದ ನೀರಿನ ಲೋಟ ನೋಡಿದೆ. ಆಗ ನೀನು ಕೇಳಿದೆ, ‘ಕಸ್ತೂರಿ, ನೀ ಕಲತಾಕಿ. ನೀನ ಹೇಳು, ವ್ಯಾಯಾಮದಿಂದ ಹಿಂಗಾತೇನು?’

ನಾನು ಅಂದೆ, ‘ವ್ಯಾಯಾಮದಿಂದ ಹಿಂಗ ಆಗೂದಿಲ್ಲ. ಬಾಣಂತನದಾಗ ಹೊಟ್ಟಿ ಸರಿ ಕಟ್ಟಿರಲಿಕ್ಕಿಲ್ಲ.’

ಬರೀ ಮೊದಲ ಮಾತು ಹೇಳಿ ಸುಮ್ಮನಾಗಬಹುದಿತ್ತು. ಅದೂ ಸುಳ್ಳೇ, ಆದರೆ ನನ್ನನ್ನು ಉಳಿಸಿಕೊಳ್ಳಲು ಅಷ್ಟು ಸಾಕಿತ್ತು. ಎರಡನೆಯದನ್ನು ಯಾಕೆ ಸೇರಿಸಿದೆ? ನನಗೆ ಎಣ್ಣೆ ಹಚ್ಚಿ ತಲೆ ಬಾಚಿದ ಹೆಂಗಸು ಅಲ್ಲಿ ಕೂತಿದ್ದಳು, ಆದರೂ ಸೇರಿಸಿದೆ. ನೀಲವ್ವ ‘ನಾ ಇಷ್ಟ ಮಂದಿ ಬಾಣಂತನ ಮಾಡೀನಿ...’ ಎಂದು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡಳು.

ನೀನೂ ಧೋತರದ ವಿಷಯ ಬಾಯಿ ಬಿಡಲಿಲ್ಲ ಎಂದು ಎಷ್ಟೋ ದಿನ ನಿನ್ನ ಮೇಲೆ ಸಿಟ್ಟು ಮಾಡಿಕೊಂಡೆ. ಪಾಲುದಾರಳು ಸಿಕ್ಕಿದರೆ ಭಾರ ಅರ್ಧವಾಗುತ್ತದಲ್ಲ. ಆದರೆ ನೀನು ಕೇಳಿದೆ, ಶೋಭಾ. ಹೊಲಿಗೆ ಹಸಿಯಾಗಿರುವಾಗ, ಅತ್ತೆಯ ಮನೆಯಲ್ಲಿ, ನಿನಗೆ ಸಾಧ್ಯವಿದ್ದ ಒಂದೇ ರೀತಿಯಲ್ಲಿ ನೀನು ಕೇಳಿದೆ. ಕೇಳಿದವಳಿಗೆ ಸುಳ್ಳು ಹೇಳಿದವಳು ನಾನು.

ಜಿಮ್ಮಿನ ಮೇಡಂ ಹೇಳಿದ್ದು ಎಂದು ಆ ಮಾತು ಗಲ್ಲಿ ಗಲ್ಲಿ ಸುತ್ತಿತು. ಸ್ವಂತ ಮಗಳ ಬಾಣಂತನ ಕೆಡಿಸಿದವಳು ಎಂದು ಒಂದೊಂದೇ ಮನೆ ನೀಲವ್ವನನ್ನು ಕರೆಯುವುದು ಬಿಟ್ಟಿತು. ಅವಳು ಮತ್ತೆ ಕೆಲಸ ಹುಡುಕಿದಳು, ಈ ಸಲ ಬೇರೆಯವರ ಮನೆಯ ಪಾತ್ರೆ. ಮೂರು ವರ್ಷದ ಮೇಲೆ ನಿನಗೆ ಮಗಳು ಹುಟ್ಟಿದಾಗ ನಿನ್ನನ್ನು ತವರಿಗೆ ಕಳಿಸಲಿಲ್ಲ. ಕೂಲಿ ಕೊಟ್ಟು ಬೇರೆ ಹೆಂಗಸನ್ನು ಇಟ್ಟರು. ನೀಲವ್ವ ಬಾಣಂತಿಗೆಂದು ಅಂಟಿನುಂಡಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಬಂದಳು. ಡಬ್ಬಿಯನ್ನು ಬಾಗಿಲಲ್ಲೇ ತೆಗೆದುಕೊಂಡು, ಬಾಣಂತಿ ಮಲಗಿದ್ದಾಳೆ ಎಂದು ವಾಪಸು ಕಳಿಸಿದರು. ನೀನು ನಿಜವಾಗಿ ಮಲಗಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮೊಮ್ಮಗಳನ್ನು ಅವಳು ನೋಡಿದ್ದು ಕೂಸಿಗೆ ಒಂದು ವರ್ಷವಾದ ಮೇಲೆ, ಯಾರದೋ ಮದುವೆಯಲ್ಲಿ, ದೂರದಿಂದ. ಇದನ್ನೆಲ್ಲ ನನ್ನ ಅವ್ವ ಅಳುತ್ತ ನನಗೆ ಹೇಳಿದಳು. ನಾನು ‘ಅಯ್ಯೋ ಪಾಪ’ ಅಂದೆ. ನಾಚಿಕೆ ಎಂಬುದು ಇದ್ದಿದ್ದರೆ ಆ ಎರಡು ಶಬ್ದ ಗಂಟಲಲ್ಲೇ ಸಿಕ್ಕಿಕೊಳ್ಳಬೇಕಿತ್ತು.

ನಾನು ಕೆಲಸದಲ್ಲಿ ಮೇಲೆ ಹೋದೆ. ಈಗ ಇದೇ ಊರಿನ ಹೊಸ ಬಡಾವಣೆ ಮಗರಪಟ್ಟಾದಲ್ಲಿ ಗಾಜಿನ ಗೋಡೆಯ ಜಿಮ್ಮು, ತಣ್ಣನೆಯ ಗಾಳಿ, ಕಂಪ್ಯೂಟರಿನಲ್ಲಿ ಕಾರ್ಡು. ಕಳೆದ ತಿಂಗಳು ಬೆಂಗಳೂರಿನ ಒಬ್ಬ ಹುಡುಗಿ ಸೇರಿದಳು. ಮೊದಲ ದಿನವೇ ಹೊಟ್ಟೆಯ ವ್ಯಾಯಾಮದ ಬಗ್ಗೆ, ‘ಮೇಡಂ, ಆಬ್ಸ್ ಡೈಲಿ ಮಾಡ್ಬೇಕಾ?’ ಅಂತ ಕೇಳಿದಳು. ನಾನು ಅವಳ ಬೂಟಿನ ಲೇಸು ಬಿಚ್ಚಿಕೊಂಡಿದ್ದನ್ನು ನೋಡುತ್ತ, ‘ಬ್ಯಾಡ. ವಾರಕ್ಕ ಮೂರು ದಿನ ಸಾಕು, ನಡುವ ಒಂದೊಂದು ದಿನ ಬಿಡು’ ಅಂದೆ. ಅವಳು ‘ಓಕೆ ಮೇಡಂ’ ಅಂದಳು. ಅಷ್ಟೇ. ಆಕಾಶ ಬೀಳಲಿಲ್ಲ, ಕೆಲಸ ಹೋಗಲಿಲ್ಲ, ಅವಳು ಮರುದಿನವೂ ಬಂದಳು. ಒಂದು ಉಸಿರಿನ ಮಾತು. ಆ ಒಂದು ಉಸಿರು ನಿನಗೆ ಯಾಕೆ ಕೊಡಲಿಲ್ಲ? ನಾನು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕಬ್ಬಿಣದ ಕಪಾಟಿಗೆ ಗುದ್ದಿದೆ. ಕೈ ಬಾತುಕೊಂಡಿತು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಹೋದ ವಾರ ನೀಲವ್ವನ ಮನೆಗೆ ಹೋದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದೆ: ಜಿಮ್ಮು, ಧೋತರ, ಗಂಟು, ಪಡಸಾಲೆಯ ಸುಳ್ಳು. ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದೆಳೆದುಕೊಂಡಳು.

‘ನನಗ ಅವತ್ತ ಗೊತ್ತಿತ್ತು’ ಅಂದಳು. ‘ನಾ ಧೋತರದ ಗಂಟ ಎಡಕ್ಕ ಹಾಕಾಕಿ. ಶೋಭಾನ ಅತ್ತಿ ಬಂದ ದಿನ ಗಂಟ ಬಲಕ್ಕಿತ್ತು. ಮಗಳು ಎಲ್ಲೆ ಹೋಗಿ ಬರ್ತಾಳ ಅಂತ ನನ್ನ ಮನಸ್ಸಿಗೆ ತಿಳೀತು. ಜಗಳ ತಗದ್ರ ಬಾಣಂತಿ ಎದಿಹಾಲು ಆರ್ತದ ಅಂತ ಸುಮ್ನಾದೆ. ಅದು ನನ್ನ ತಪ್ಪು, ನಾ ಉಣ್ತೀನಿ. ಆದರ ಆ ಮನ್ಯಾಗ ನೀ ಖರೇ ಹೇಳ್ತಿ ಅಂತ ಮಾಡಿದ್ದೆ. ನೀ ಬಾಯಿ ತಗದಿ, ನಾ ಗೆದ್ದೆ ಅಂದ್ಕೊಂಡೆ.’

ನಾನು ಅಳಲು ಶುರು ಮಾಡಿದೆ. ಅವಳಿಗೆ ಇನ್ನೂ ಸಿಟ್ಟು ಬಂತು. ‘ಅಳೂದಾದ್ರ ನಿನ್ನ ಮನಿಗೆ ಹೋಗಿ ಅಳು. ನನ್ನ ಮುಂದ ಹೇಳಿ ನಿನ್ನ ಎದಿ ಹಗುರ ಮಾಡ್ಕೋಬ್ಯಾಡ. ಎಲ್ಲೆ ಸುಳ್ಳು ಹೇಳೀದಿ, ಅಲ್ಲೆ ಹೋಗಿ ಖರೇ ಹೇಳು.’

ಅದಕ್ಕೇ ಈ ಕಾಗದ. ನನ್ನನ್ನು ಕ್ಷಮಿಸು ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಓದಿ ಹರಿದು ಹಾಕಿದರೂ ನಾನು ಬರುವುದು ನಿಲ್ಲುವುದಿಲ್ಲ. ಬರುವ ಭಾನುವಾರ ಹನ್ನೊಂದು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಗಂಡ ಇರಲಿ, ಅತ್ತೆ ಇರಲಿ, ಅವರ ಅಕ್ಕಂದಿರನ್ನೂ ಕರೆಸು. ಅವತ್ತು ಯಾರ ಯಾರ ಕಿವಿಗೆ ಸುಳ್ಳು ಬಿದ್ದಿತೋ ಅವರೆಲ್ಲ ಬೇಕು. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ನಿಂತು ಹೇಳುತ್ತೇನೆ, ನೆರೆಯವರೂ ಕೇಳಲಿ. ಆಮೇಲೆ ನಮ್ಮ ಗಲ್ಲಿಯ ಮನೆಮನೆಗೂ ಹೋಗಬೇಕಾಗಿದೆ.

ನೀಲವ್ವನನ್ನು ಜೊತೆಗೆ ಕರೆದೆ. ಬರುವುದಿಲ್ಲ ಅಂದಳು. ‘ನನ್ನ ಕರೀಬೇಕಾದಾಕಿ ನೀ ಅಲ್ಲ’ ಎಂದು ಹೇಳಿ ಮತ್ತೆ ಸೊಪ್ಪು ಸೋಸತೊಡಗಿದಳು.